ಮನೆಗೆ ಬಂದ ಆಮೆ

ಕನ್ನಡದಲ್ಲಿ ‘ಸಾಕು’ ಎಂಬ ಒಂದೇ ಉಚ್ಚಾರಣೆಗೆ ಎರಡು ಅರ್ಥಗಳಿವೆ. ಪೊರೆ, ಪೋಷಿಸು ಎಂಬುದು ಒಂದು; ಇಷ್ಟಾಯಿತು, ಇನ್ನು ಬೇಡ ಎಂಬುದು ಇನ್ನೊಂದು. ಶಬ್ದಶಾಸ್ತ್ರ ಬಲ್ಲವರು ಇವೆರಡನ್ನೂ ಬೇರೆ ಬೇರೆ ಶಬ್ದಗಳೆಂದೇ ಎಣಿಸುವರು. ಆದರೂ ಪ್ರಾಣಿಯೊಂದನ್ನು ಮನೆಗೆ ತರಲು ಹೊರಟವರು ಎರಡನ್ನೂ ಜೊತೆಯಾಗಿಯೇ ನೆನೆಯುವುದು ಲೇಸು. ಯಾವುದನ್ನು ಸಾಕಬೇಕು, ಎಲ್ಲಿಗೆ ಸಾಕು ಎನ್ನಬೇಕು ಎಂಬ ವಿವೇಕವಿಲ್ಲದ ಪ್ರೀತಿ ಆ ಪ್ರಾಣಿಗೆ ಶಿಕ್ಷೆಯಾಗಿ ಪರಿಣಮಿಸುತ್ತದೆ. ಆಮೆಯ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚು ಸತ್ಯ.

ಆಮೆ ನಮಗೆ ಹೊಸದಲ್ಲ. ಮಂದರಪರ್ವತವನ್ನು ಬೆನ್ನಮೇಲೆ ಹೊತ್ತ ಕೂರ್ಮಾವತಾರದ ಕಥೆಯನ್ನು ಕೇಳದೆ ಬೆಳೆದವರು ನಮ್ಮಲ್ಲಿ ವಿರಳ. ಇಂದ್ರಿಯಗಳನ್ನು ವಿಷಯಗಳಿಂದ ಹಿಂದೆಗೆದುಕೊಳ್ಳುವ ಸ್ಥಿತಪ್ರಜ್ಞನಿಗೆ ಭಗವದ್ಗೀತೆಯ ಎರಡನೆಯ ಅಧ್ಯಾಯ ಕೊಡುವ ಉಪಮೆಯೂ ಆಮೆಯದೇ. ಗರ್ಭಗುಡಿಯ ಎದುರಿನ ನೆಲದಲ್ಲಿ ಕಲ್ಲಿನ ಆಮೆಯನ್ನು ಕೂರಿಸಿದ ಗುಡಿಗಳು ಗಡಿಭಾಗದಲ್ಲಿಯೂ ಅದರಾಚೆಯ ಮಹಾರಾಷ್ಟ್ರದಲ್ಲಿಯೂ ಕಾಣಸಿಗುತ್ತವೆ. ಆಮೆಯಿದ್ದ ಮನೆಗೆ ಸಂಪತ್ತು ಬರುವುದೆಂಬ ನಂಬಿಕೆಯೂ ಇದರ ಬೆನ್ನಿಗೇ ಬೆಳೆದು ಬಂದಿದೆ. ಆದರೆ ಕಲ್ಲಿನ ಆಮೆ ಏನನ್ನೂ ಬೇಡುವುದಿಲ್ಲ. ಜೀವದ ಆಮೆ ಬೇಡುವುದು ಬಹಳ, ಬೇಡುವ ದನಿ ಮಾತ್ರ ಅದಕ್ಕಿಲ್ಲ. ಹಸಿದ ಆಕಳು ಅಂಬಾ ಎನ್ನುತ್ತದೆ, ನಾಯಿ ಬಾಗಿಲು ಕೆರೆಯುತ್ತದೆ. ಆಮೆ ತಿಂಗಳುಗಟ್ಟಲೆ ಸದ್ದಿಲ್ಲದೆ ಕ್ಷೀಣಿಸುತ್ತ ಹೋಗಿ, ಒಂದು ಬೆಳಿಗ್ಗೆ ಅಲುಗಾಡದೆ ಇರುತ್ತದೆ. ಅದನ್ನು ಸಾಕುವ ವಿದ್ಯೆಯೆಂದರೆ ಮುಖ್ಯವಾಗಿ ಈ ಮೌನವನ್ನು ಓದುವ ವಿದ್ಯೆ.

ಪರದೇಶಗಳಲ್ಲಿ ಜನ ಅಕ್ಕರೆಯಿಂದ ಸಾಕುವ ಆಮೆಗಳಲ್ಲಿ ‘ಪೆಟ್ಟಿಗೆ ಆಮೆ’ ಎಂಬುದೊಂದು. ಇದರ ಹೊಟ್ಟೆಯ ಚಿಪ್ಪಿನಲ್ಲಿ ಬಾಗಿಲಿಗಿರುವಂತಹ ಒಂದು ಕೀಲುಂಟು. ಹೆದರಿದಾಗ ತಲೆ, ಕಾಲುಗಳನ್ನು ಒಳಗೆಳೆದುಕೊಂಡು ಚಿಪ್ಪನ್ನು ಪೆಟ್ಟಿಗೆಯಂತೆ ಮುಚ್ಚಿಬಿಡುತ್ತದೆ. ಇದರ ಒಂದು ಕುಲ ಉತ್ತರ ಅಮೆರಿಕದ್ದು. ಇನ್ನೊಂದು ಏಷ್ಯಾದ್ದು, ಅದರ ಕೆಲವು ಜಾತಿಗಳು ನಮ್ಮ ಈಶಾನ್ಯ ರಾಜ್ಯಗಳಲ್ಲಿಯೂ ಇವೆ. ಸಹ್ಯಾದ್ರಿಯಲ್ಲಿ ಪೆಟ್ಟಿಗೆ ಆಮೆಯಿಲ್ಲ. ಆದುದರಿಂದ ಖಾನಾಪುರ ತಾಲೂಕಿನ ಕಣಕುಂಬಿಯಂತಹ ಊರಿನಲ್ಲಿ ಯಾರಾದರೂ ಆಮೆಯನ್ನು ಮನೆಗೆ ತಂದರೆಂದರೆ, ಒಂದೋ ಅದು ಕಾಡಿನಿಂದಲೋ ಕೆರೆಯಿಂದಲೋ ಎತ್ತಿ ತಂದದ್ದು, ಇಲ್ಲವೇ ಪೇಟೆಯ ಅಂಗಡಿಯಿಂದ ಕೊಂಡು ತಂದದ್ದು. ಈ ಎರಡಕ್ಕೂ ಕರ್ತವ್ಯ ಬೇರೆ ಬೇರೆ.

ಮೊದಲು ಕಾಡಿನದನ್ನು ನೋಡೋಣ. ಕಣಕುಂಬಿ ಮಲಪ್ರಭೆಯ ಉಗಮಸ್ಥಾನ. ಘಟ್ಟದ ನೆತ್ತಿಯ ಮೇಲಿನ ಊರು. ಸುತ್ತಲಿನ ಕಾಡು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಭೀಮಗಡದ ಕಾಡಿಗೆ ನೆರೆಯದು. ಜಾಂಬೋಟಿಯಿಂದ ಚೋರ್ಲಾ ಘಟ್ಟದ ಕಡೆಗೆ ಹೋಗುವ ರಸ್ತೆ ಇದೇ ಊರಿನ ಮೇಲೆ ಹಾಯುತ್ತದೆ. ಇಂತಹ ಸೀಮೆಯಲ್ಲಿ ಮುಂಗಾರು ಹಿಡಿದಾಗ ನೀರ ಸೆಲೆಯಿಂದ ಸೆಲೆಗೆ ನಡೆದ ಆಮೆಯೊಂದು ರಸ್ತೆಯಲ್ಲಿ ಎದುರಾಗುವುದು ಅಸಂಭವವಲ್ಲ. ನಮ್ಮ ರಾಜ್ಯದ ಕೆರೆ ತೊರೆಗಳಲ್ಲಿ ಹಿಂಗಾಲುಗಳನ್ನು ಚರ್ಮದ ಮುಚ್ಚಳದಿಂದ ಮರೆಮಾಡಿಕೊಳ್ಳುವ ಒಂದು ಆಮೆಯುಂಟು. ಪೆಟ್ಟಿಗೆ ಆಮೆಯ ಉಪಾಯದ ಅರ್ಧವನ್ನು ಇದೂ ಕಲಿತಿದೆ ಎನ್ನಬಹುದು. ಬೇಸಿಗೆಯಲ್ಲಿ ಕೆರೆ ಬತ್ತಿದರೆ ಇದು ಕೆಸರಿನಲ್ಲಿ ಹೂತುಕೊಂಡು ಮಳೆಯ ದಾರಿ ಕಾಯುತ್ತದೆ. ಮೈಮೇಲೆ ನಕ್ಷತ್ರದ ಗೆರೆಗಳಿರುವ ಬಯಲುಸೀಮೆಯ ನೆಲದ ಆಮೆಯಂತೂ ಕಳ್ಳಸಾಗಣೆದಾರರ ಕೈಗೆ ಸಿಕ್ಕು ದೇಶಾಂತರ ಹೋಗುತ್ತಿರುವುದು ಎಲ್ಲರೂ ಬಲ್ಲ ಸಂಗತಿ. ಇವೆರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿವೆ. ಅಂದರೆ ಹುಲಿಗೆ ಇರುವ ರಕ್ಷೆಯೇ ಇವಕ್ಕೂ ಇದೆ. ಪ್ರೀತಿಯಿಂದ ಸಾಕಿದೆನೆಂಬುದು ಕಾನೂನಿನ ಮುಂದೆ ಉತ್ತರವಾಗಲಾರದು.

ಕಾನೂನನ್ನು ಬದಿಗಿಟ್ಟರೂ ಇನ್ನೊಂದು ಕಾರಣವಿದೆ. ಅಮೆರಿಕದ ಮೇರಿಲ್ಯಾಂಡಿನಲ್ಲಿ ಪಟಕ್ಸೆಂಟ್ ಎಂಬಲ್ಲಿಯ ಕಾಡಿನಲ್ಲಿ ಲೂಸಿಲ್ ಸ್ಟಿಕಲ್ ಎಂಬ ವಿಜ್ಞಾನಿ 1940ರ ದಶಕದಲ್ಲಿ ಪೆಟ್ಟಿಗೆ ಆಮೆಗಳಿಗೆ ಗುರುತು ಹಾಕಿ ಅವುಗಳ ಓಡಾಟವನ್ನು ಬರೆದಿಟ್ಟರು. ಒಂದೊಂದು ಆಮೆಯ ಪ್ರಪಂಚ ಸುಮಾರು ನೂರು ಮೀಟರುಗಳ ಅಡ್ಡಗಲದ್ದೆಂದು ಕಂಡುಬಂತು. ಅದರೊಳಗಿನ ತೇವದ ತಾಣ, ಹಣ್ಣು ಉದುರುವ ಮರದ ಬುಡ, ಚಳಿಗೆ ಅಡಗುವ ಪೊಟರೆ ಎಲ್ಲವನ್ನೂ ಆಮೆ ಬಲ್ಲದು. ದಶಕಗಳ ನಂತರವೂ ಹಳೆಯ ಗುರುತಿನ ಆಮೆಗಳು ಅದೇ ನೆಲದಲ್ಲಿ ಸಿಕ್ಕವು. ಇಂತಹ ಆಮೆಯನ್ನು ದೂರ ಒಯ್ದು ಬಿಟ್ಟರೆ, ಎಷ್ಟೋ ಸಲ ಅದು ತನ್ನ ನೆಲವನ್ನು ಹುಡುಕುತ್ತ ಅಲೆಯುತ್ತದೆ. ಮೇಲಾಗಿ ಆಮೆ ಪ್ರಾಯಕ್ಕೆ ಬರಲು ವರ್ಷಗಳು ಬೇಕು. ಇಡುವ ಮೊಟ್ಟೆಗಳು ಕೆಲವೇ, ಉಳಿಯುವ ಮರಿಗಳು ಇನ್ನೂ ಕೆಲವು. ಒಂದು ಕಾಡಿನಿಂದ ಕೆಲವೇ ಹೆಣ್ಣಾಮೆಗಳನ್ನು ಒಯ್ದರೂ ಆ ನಷ್ಟ ಒಂದು ತಲೆಮಾರಿನಲ್ಲಿ ತುಂಬಿ ಬರುವುದಿಲ್ಲ.

ಕಾಡಿನ ಆಮೆಯನ್ನು ಕಾಡಿನಲ್ಲಿಯೇ ಅರಿಯುವ ಪ್ರೀತಿ ಎಂತಹದೆಂಬುದಕ್ಕೆ ನಮ್ಮ ದೇಶದಲ್ಲಿಯೇ ನಿದರ್ಶನವಿದೆ. ಪಶ್ಚಿಮಘಟ್ಟದ ನೆಲದಲ್ಲಿ ತರಗೆಲೆಯ ಮರೆಯಲ್ಲಿ ಬಾಳುವ ಒಂದು ಪುಟ್ಟ ಆಮೆಯನ್ನು 1912ರಲ್ಲಿ ವಿಜ್ಞಾನಲೋಕಕ್ಕೆ ವರ್ಣಿಸಿ ಹೇಳಲಾಗಿತ್ತು. ಆಮೇಲೆ ಸುಮಾರು ಎಪ್ಪತ್ತು ವರ್ಷ ಅದು ವಿಜ್ಞಾನಿಗಳ ಕಣ್ಣಿಗೆ ಬೀಳಲೇ ಇಲ್ಲ. 1982ರಲ್ಲಿ ಜೆ. ವಿಜಯಾ ಎಂಬ ತರುಣಿ ಕೇರಳದ ಕಾಡಿನಲ್ಲಿ ಅದನ್ನು ಪುನಃ ಕಂಡುಹಿಡಿದು, ಕಾಡಿನಲ್ಲಿಯೇ ಬೀಡುಬಿಟ್ಟು ಅದರ ಜೀವನಕ್ರಮವನ್ನು ಅಭ್ಯಸಿಸಿದರು. ವಿಜಯಾ 1987ರಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲಿಯೇ, ತೀರಿಕೊಂಡರು. 2006ರಲ್ಲಿ ಆ ಆಮೆಯ ಕುಲಕ್ಕೆ ‘ವಿಜಯಚೆಲಿಸ್’ ಎಂದು ಅವರ ಹೆಸರನ್ನೇ ಇಡಲಾಯಿತು. ಆಮೆಯನ್ನು ಮನೆಗೆ ಒಯ್ದವರ ಹೆಸರು ಹೀಗೆ ಉಳಿದದ್ದುಂಟೆ?

ಆದುದರಿಂದ ದಾರಿಯಲ್ಲಿ ಆಮೆ ಕಂಡರೆ ಮಾಡಬೇಕಾದದ್ದು ಇಷ್ಟೆ: ಅದು ಎತ್ತ ಮುಖ ಮಾಡಿತ್ತೋ ಆ ಬದಿಗೆ ರಸ್ತೆ ದಾಟಿಸಿ ಬಿಡುವುದು. ಗಾಯಗೊಂಡಿದ್ದರೆ, ಅಥವಾ ಯಾರೋ ಹಿಡಿದಿಟ್ಟದ್ದು ಕಂಡರೆ, ಅರಣ್ಯ ಇಲಾಖೆಯ 1926 ಎಂಬ ಸಹಾಯವಾಣಿಗೆ ತಿಳಿಸುವುದು.

ಇನ್ನು ಅಂಗಡಿಯಿಂದ ಬಂದದ್ದರ ವಿಚಾರ. ಅಮೆರಿಕದ ಪೆಟ್ಟಿಗೆ ಆಮೆಯಂತಹ, ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶೀ ಪ್ರಾಣಿಯನ್ನು ಇಟ್ಟುಕೊಂಡವರು 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಅದನ್ನು ನೋಂದಾಯಿಸಬೇಕು. ನೋಂದಣಿಗಿಂತ ದೊಡ್ಡ ಹೊಣೆ ಮುಂದಿನದು. ಪೆಟ್ಟಿಗೆ ಆಮೆ ಮೂವತ್ತು, ನಲವತ್ತು ವರ್ಷ ಸುಲಭವಾಗಿ ಬದುಕುತ್ತದೆ. ಅದನ್ನು ತಂದ ಹುಡುಗ ಓದು ಮುಗಿಸಿ, ನೌಕರಿ ಹಿಡಿದು, ಬೇರೆ ಊರಿಗೆ ಹೋದ ಮೇಲೂ ಅದಿರುತ್ತದೆ.

ಹೊಸದಾಗಿ ಬಂದ ಆಮೆಯನ್ನು ಮೊದಲ ಕೆಲವು ದಿನ ಅದರಷ್ಟಕ್ಕೆ ಬಿಡಬೇಕು. ಅದು ಉಣ್ಣದಿರಬಹುದು, ಅಡಗಿಯೇ ಇರಬಹುದು; ನೆರೆಹೊರೆಯ ಮಕ್ಕಳು ಎತ್ತಿ ಎತ್ತಿ ನೋಡಿದಷ್ಟೂ ಅದರ ಹೆದರಿಕೆ ಹೆಚ್ಚುತ್ತದೆ. ಮನೆಯಲ್ಲಿ ಬೇರೆ ಆಮೆಯಿದ್ದರೆ ಕೆಲವು ತಿಂಗಳು ಅದರಿಂದ ದೂರವಿಡುವುದು ಕ್ಷೇಮ, ರೋಗ ಹರಡದಿರಲು. ಗಾಜಿನ ತೊಟ್ಟಿ ಇದಕ್ಕೆ ಮನೆಯಲ್ಲ. ಹಿತ್ತಲಿನಲ್ಲಿ ಅರ್ಧ ನೆರಳು, ಅರ್ಧ ಬಿಸಿಲು ಬೀಳುವ ಕಡೆ ಗೋಡೆ ಕಟ್ಟಿ, ಆಮೆ ತೋಡುವ ಪ್ರಾಣಿಯಾದ್ದರಿಂದ ಗೋಡೆಯನ್ನು ನೆಲದೊಳಕ್ಕೂ ಇಳಿಸಿ, ತೇವದ ಮಣ್ಣು ಹಾಗೂ ತರಗೆಲೆ ಹರಡಬೇಕು. ನೀರಿನ ತಟ್ಟೆ ಗಲ್ಲ ಮುಳುಗದಷ್ಟು ಆಳದ್ದಾದರೆ ಸಾಕು. ಪೆಟ್ಟಿಗೆ ಆಮೆ ಒಳ್ಳೆಯ ಈಜುಗಾರನಲ್ಲ. ಎರೆಹುಳು, ಬಸವನಹುಳು, ಕೀಟ, ಹಣ್ಣು, ಸೊಪ್ಪು ಇವು ಅದರ ಆಹಾರ. ಅನ್ನ, ರೊಟ್ಟಿ, ಹಾಲು ಅಲ್ಲ.

ಎಲ್ಲಕ್ಕಿಂತ ಹೆಚ್ಚಿನದು ಬಿಸಿಲು. ಆಮೆಯ ಮೈ ತನ್ನ ಶಾಖವನ್ನು ತಾನೇ ಹುಟ್ಟಿಸಿಕೊಳ್ಳಲಾರದು; ಬೆಚ್ಚಗಾಗದೆ ಉಂಡದ್ದು ಜೀರ್ಣವಾಗುವುದಿಲ್ಲ. ಸೂರ್ಯನ ನೇರಳಾತೀತ ಕಿರಣವಿಲ್ಲದೆ ಸುಣ್ಣದಂಶ ಮೈಗೆ ಹತ್ತುವುದಿಲ್ಲ, ಚಿಪ್ಪು ಮೆತ್ತಗಾಗುತ್ತದೆ. ಕಿಟಕಿಯ ಗಾಜು ಈ ಕಿರಣವನ್ನು ತಡೆಯುವುದರಿಂದ ಗಾಜಿನ ಹಿಂದಿನ ಬಿಸಿಲು ಉಪಯೋಗಕ್ಕೆ ಬಾರದು. ಕಣಕುಂಬಿಯಂತಹ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನ ಮುಖ ಕಾಣುವ ದಿನಗಳೇ ಎಷ್ಟು? ಅದಕ್ಕೆಂದೇ ಮಾಡಿದ ದೀಪವಿಲ್ಲದೆ ಅಲ್ಲಿಯ ಮಳೆಗಾಲವನ್ನು ಅದು ಕಳೆಯಲಾರದು. ಊದಿದ ಕಣ್ಣು, ಮೂಗಿನಲ್ಲಿ ಗುಳ್ಳೆ, ವಾರದಿಂದ ವಾರಕ್ಕೆ ಇಳಿಯುವ ತೂಕ ಇವೇ ಆಮೆಯ ಮಾತುಗಳು; ಕಂಡ ಕೂಡಲೇ ಪಶುವೈದ್ಯರ ಬಳಿಗೆ ಒಯ್ಯಬೇಕು. ಮುಟ್ಟಿದ ಮೇಲೆ ಕೈ ತೊಳೆಯುವುದನ್ನು ಮಕ್ಕಳಿಗೆ ಕಲಿಸಬೇಕು. ಆಮೆಗಳ ಮೈಮೇಲಿನ ರೋಗಾಣು ಮಕ್ಕಳಿಗೆ ಹತ್ತುವುದೆಂದೇ ಅಮೆರಿಕದಲ್ಲಿ 1975ರಿಂದ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳನ್ನು ಸಾಕಲು ಮಾರುವುದು ನಿಷಿದ್ಧ.

ಸಾಹಿತ್ಯಾಭ್ಯಾಸಿಗಳಿಗೆ ಗಿಲ್ಬರ್ಟ್ ವೈಟ್‌ನ ಆಮೆ ನೆನಪಿರಬಹುದು. ಸೆಲ್ಬೋರ್ನ್ ಗ್ರಾಮದ ಈ ಪಾದ್ರಿ 1780ರಲ್ಲಿ ತನ್ನ ಸೋದರತ್ತೆಯ ಆಮೆಯನ್ನು ಮನೆಗೆ ತಂದು, ಅದು ಯಾವಾಗ ಮಣ್ಣು ಸೇರಿತು, ಯಾವಾಗ ಎದ್ದಿತು ಎಂಬುದನ್ನೆಲ್ಲ ವರ್ಷಗಟ್ಟಲೆ ಬರೆದಿಟ್ಟ. ಅದಕ್ಕೆ ತಿಮೊಥಿ ಎಂದು ಗಂಡಿನ ಹೆಸರಿತ್ತು. ಅದು ಹೆಣ್ಣೆಂಬುದು ತಿಳಿದುಬಂದದ್ದು ಅದು ಸತ್ತ ಬಳಿಕ, ಚಿಪ್ಪನ್ನು ಪರೀಕ್ಷಿಸಿದಾಗ. ಅಷ್ಟು ಸೂಕ್ಷ್ಮವಾಗಿ ನೋಡಿದವನಿಗೂ ಆಮೆ ತನ್ನೊಂದು ಗುಟ್ಟನ್ನು ಬಿಟ್ಟುಕೊಡಲಿಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ. ಪೇಟೆಯಲ್ಲಿ ಸಾಮಾನ್ಯವಾಗಿ ಸಿಗುವುದು ಪೆಟ್ಟಿಗೆ ಆಮೆಯಲ್ಲ. ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ಅಮೆರಿಕದ ನೀರಾಮೆ. ತರುವಾಗ ನಾಣ್ಯದಷ್ಟಿದ್ದದ್ದು ಬೆಳೆದು ಒಂದು ಅಡಿಯ ಹತ್ತಿರಕ್ಕೆ ಬರುತ್ತದೆ. ಆಗ ಮನೆಯವರು ಬೇಸತ್ತು, ಪುಣ್ಯವೂ ಬಂತು, ಪೀಡೆಯೂ ಹೋಯಿತು ಎಂದು ಗುಡಿಯ ಹೊಂಡಕ್ಕೋ ಹೊಳೆಗೋ ಬಿಡುತ್ತಾರೆ. ಜಗತ್ತಿನ ಅತ್ಯಂತ ಹಾನಿಕರ ನೂರು ಪರಕೀಯ ಜೀವಿಗಳ ಪಟ್ಟಿಯಲ್ಲಿ ಈ ಆಮೆಯ ಹೆಸರಿದೆ. ಹೋದಲ್ಲೆಲ್ಲ ಸ್ಥಳೀಯ ಆಮೆಗಳ ಅನ್ನಕ್ಕೂ ಬಿಸಿಲಿಗೂ ಇದು ಪಾಲುದಾರ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಖಾನಾಪುರವನ್ನು ದಾಟಿ, ನವಿಲುತೀರ್ಥದ ಅಣೆಕಟ್ಟಿನಲ್ಲಿ ತಂಗಿ, ಪಟ್ಟದಕಲ್ಲು, ಐಹೊಳೆಗಳ ಬದಿಯಲ್ಲಿ ಹಾಯ್ದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಮೂಲದಲ್ಲಿ ಬಿಟ್ಟದ್ದು ಮೂಲದಲ್ಲಿಯೇ ನಿಲ್ಲುವುದಿಲ್ಲ.

ತಂದದ್ದನ್ನು ಕೊನೆಯವರೆಗೆ ಸಾಕಬೇಕು. ಆಗದಿದ್ದರೆ ಹೊಳೆಗೆ ಬಿಡದೆ ಅರಣ್ಯ ಇಲಾಖೆಯನ್ನು ಕೇಳಬೇಕು. ತಾರದವರು, ತೋಟದ ಕೆರೆಯಲ್ಲಿ ತಲೆಯೆತ್ತಿದ ಆಮೆಯನ್ನು ದಂಡೆಯಲ್ಲಿ ನಿಂತು ನೋಡಿ, ಇಷ್ಟು ಸಾಕು ಎಂದುಕೊಂಡರೆ ಅದಕ್ಕೂ ಒಳಿತು, ನಮಗೂ ಒಳಿತು.