ಡಬಲ್ ಕ್ರಾಸ್ ಅಂದ್ರೆ ಬರೀ ಮೋಸ ಅಲ್ಲ

ಕಿತ್ತೂರು ಸೀಮೆಯ ಜನ ಇವತ್ತಿಗೂ ಸಂಕಟದಿಂದ ಹೇಳೋ ಕತೆ ಇದು. 1830. ಬ್ರಿಟಿಷರ ವಿರುದ್ಧ ಬಂಡೆದ್ದಿದ್ದ ಸಂಗೊಳ್ಳಿ ರಾಯಣ್ಣ ಹಳ್ಳದಲ್ಲಿ ಸ್ನಾನಕ್ಕಿಳಿದಿದ್ದ. ಕತ್ತಿ ದಡದಲ್ಲಿತ್ತು, ನಂಬಿದವರ ಕೈಯಲ್ಲಿ. ಬ್ರಿಟಿಷರ ಸಿಪಾಯಿಗಳು ಮುತ್ತಿದಾಗ ರಾಯಣ್ಣ ಕತ್ತಿ ಕೇಳಿದ. ಕೊಡಲಿಲ್ಲ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಹೀಗೆ ನಮ್ಮವನಂತೆ ಜೊತೆಗಿದ್ದು ಎದುರಾಳಿಯ ಕೆಲಸ ಮಾಡೋದಕ್ಕೆ ಇಂಗ್ಲಿಷಿನ ಆಡುಮಾತಲ್ಲಿ ಡಬಲ್ ಕ್ರಾಸ್ ಅಂತಾರೆ. 19ನೇ ಶತಮಾನದ ಕುದುರೆ ರೇಸು, ಕುಸ್ತಿ, ಬಾಕ್ಸಿಂಗಿನ ಜೂಜುಕಟ್ಟೆಯಲ್ಲಿ ಹುಟ್ಟಿದ ಮಾತು. ಸೋಲ್ತೀನಿ ಅಂತ ದುಡ್ಡು ತಗೊಂಡು ಸೋತರೆ ಅದು ಕ್ರಾಸ್. ದುಡ್ಡೂ ತಗೊಂಡು, ಕೊಟ್ಟವನಿಗೇ ಕೈಕೊಟ್ಟು ಗೆದ್ದುಬಿಟ್ಟರೆ ಡಬಲ್ ಕ್ರಾಸ್.

ಹಾಗಾಗಿ ಎಲ್ಲ ಮೋಸಕ್ಕೂ ಈ ಪದ ಹಾಕಬೇಡಿ. ಗುರುತಿಲ್ಲದವನು ಓಟಿಪಿ ಕೇಳಿ ದುಡ್ಡು ಹೊಡೆದರೆ ಅದು ಚೀಟಿಂಗ್. ನಿಮ್ಮ ಪಾಲುದಾರನೇ ನಿಮ್ಮ ಟೆಂಡರ್ ರೇಟನ್ನು ಗುಟ್ಟಾಗಿ ಎದುರಾಳಿಗೆ ಕೊಟ್ಟನಾ? ಆಗ ಹೇಳಿ: ಹೀ ಡಬಲ್ ಕ್ರಾಸ್ಡ್ ಮೀ. ನಮ್ಮ ಡಬಲ್ ಗೇಮ್ ಇದಕ್ಕೆ ತೀರಾ ಹತ್ತಿರ. ಡಬಲ್ ಕ್ರಾಸ್ ಅನ್ನೋದು ಗೆಳೆಯರ ಮಾತಿಗೆ, ಸಿನಿಮಾ ಡೈಲಾಗಿಗೆ ಸರಿ. ಪೊಲೀಸ್ ದೂರಿನಲ್ಲಿ ನಂಬಿಕೆ ದ್ರೋಹ ಅಂತಲೇ ಬರೆಯಿರಿ.

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಒಂದು ಬೇಹುಗಾರಿಕೆ ಯೋಜನೆಯ ಹೆಸರೇ ಡಬಲ್ ಕ್ರಾಸ್. ಅದರ ಗೂಢಚಾರ ಹ್ವಾನ್ ಪುಜೋಲ್, ಗುಪ್ತನಾಮ ಗಾರ್ಬೊ, ಜರ್ಮನಿಯವರು ನಮ್ಮವನು ಅಂದುಕೊಳ್ಳುವಂತೆ ಸುಳ್ಳು ಸುದ್ದಿ ಕಳಿಸ್ತಿದ್ದ. 1944ರಲ್ಲಿ ಜರ್ಮನಿ ಅವನಿಗೆ ಐರನ್ ಕ್ರಾಸ್ ಪದಕ ಕೊಟ್ಟಿತು. ಅದೇ ವರ್ಷ ಬ್ರಿಟನ್ ಎಂಬಿಇ ಪುರಸ್ಕಾರ ಕೊಟ್ಟು ಗೌರವಿಸಿತು.