ಕಪಾಲಿ: ಒಂದು ಚಿತ್ರಮಂದಿರ, ಹತ್ತಾರು ಕಸುಬು

ಬೆಂಗಳೂರಿನ ಯಾವುದೇ ಮೂಲೆಯಿಂದ ಕೆಂಪೇಗೌಡ ಬಸ್ ನಿಲ್ದಾಣಕ್ಕೆ ಹೊರಟ ಪ್ರಯಾಣಿಕನು ಇಂದಿಗೂ ನಿರ್ವಾಹಕನಲ್ಲಿ ಕೇಳುವುದು ‘ಮೆಜೆಸ್ಟಿಕ್’ ಟಿಕೆಟನ್ನೇ. ಆ ಹೆಸರಿಗೆ ಕಾರಣವಾದ ಮೆಜೆಸ್ಟಿಕ್ ಚಿತ್ರಮಂದಿರ ಈಗ ಇಲ್ಲ. ನಿಲ್ದಾಣವಿರುವ ಜಾಗದಲ್ಲಿ ಹಿಂದೆ ಇದ್ದ ಧರ್ಮಾಂಬುಧಿ ಕೆರೆಯೂ ಇಲ್ಲ. ಹೀಗೆ ಕಣ್ಮರೆಯಾದವುಗಳ ನೆನಪನ್ನು ಹೊತ್ತ ಈ ಪ್ರದೇಶದಲ್ಲಿ ಹಳೆಯ ವರ್ತಕರು ಇಂದಿಗೂ ಮರುಕದಿಂದ ಸ್ಮರಿಸುವ ಹೆಸರುಗಳಲ್ಲಿ ‘ಕಪಾಲಿ’ ಮುಖ್ಯವಾದುದು.

ಗಾಂಧಿನಗರದ ಸುಬೇದಾರ್ ಛತ್ರಂ ರಸ್ತೆಯಲ್ಲಿ ಕಪಾಲಿ ಚಿತ್ರಮಂದಿರ 1968ರಲ್ಲಿ ಆರಂಭವಾಯಿತು. ಅಂದಿನ ಉಪಪ್ರಧಾನಿ ಮೊರಾರ್ಜಿ ದೇಸಾಯಿಯವರು ಅದನ್ನು ಉದ್ಘಾಟಿಸಿದರು. 1,465 ಆಸನಗಳ ಸಭಾಂಗಣ ಮತ್ತು ಸಿನೆರಾಮ ಮಾದರಿಯ ವಿಶಾಲವಾದ ಬಾಗಿದ ಪರದೆ ಅದರ ಹೆಗ್ಗಳಿಕೆಯಾಗಿದ್ದವು. ಮನೆಗಳಲ್ಲಿ ದೂರದರ್ಶನವಿಲ್ಲದ ಆ ಕಾಲದಲ್ಲಿ, ದೊಡ್ಡ ಪರದೆಯ ಮುಂದೆ ಕುಳಿತು ಚಿತ್ರ ನೋಡುವುದೆಂದರೆ ಮನೆಮಂದಿಗೆಲ್ಲ ಹಬ್ಬವೇ ಆಗಿತ್ತು. ಹೊರ ಊರುಗಳಿಂದ ಸರಕು ಖರೀದಿಗೆ ಬಂದ ವ್ಯಾಪಾರಿಗಳು ಚಿಕ್ಕಪೇಟೆಯ ಕೆಲಸ ಮುಗಿಸಿ, ಒಂದು ಆಟ ನೋಡಿಕೊಂಡು ರಾತ್ರಿಯ ಬಸ್ಸು ಹಿಡಿಯುತ್ತಿದ್ದರು.

ಆಟಕ್ಕೊಂದು ಸಂತೆ

ದಿನಕ್ಕೆ ನಾಲ್ಕು ಪ್ರದರ್ಶನಗಳೆಂದರೆ 5,860 ಆಸನಗಳು. ಮಂದಿರ ತುಂಬಿದ ದಿನ, ಪ್ರತಿ ಮೂರು ಗಂಟೆಗೊಮ್ಮೆ ಸುಮಾರು ಒಂದೂವರೆ ಸಾವಿರ ಜನ ಒಮ್ಮೆಲೇ ರಸ್ತೆಗಿಳಿಯುತ್ತಿದ್ದರು. ಅಷ್ಟೇ ಜನ ಒಳಗೆ ಹೋಗಲು ಕಾದಿರುತ್ತಿದ್ದರು. ಸುತ್ತಲಿನ ಸಣ್ಣ ವ್ಯಾಪಾರಕ್ಕೆ ಇದಕ್ಕಿಂತ ನಿಶ್ಚಿತವಾದ ಗಿರಾಕಿ ಬೇರೆಲ್ಲಿತ್ತು? ಸೈಕಲ್ ಸ್ಟ್ಯಾಂಡಿನವನು, ಕಡಲೆಕಾಯಿ ಮಾರುವವನು, ಬೀಡಾ ಅಂಗಡಿಯವನು, ದರ್ಶಿನಿಗಳಿಗೆ ಮುಂಚಿನ ಕಾಲದ ಹೋಟೆಲಿನವನು, ವಸತಿಗೃಹದ ಮಾಲೀಕ, ಆಟೋ ಚಾಲಕ ಎಲ್ಲರ ಗಡಿಯಾರವೂ ಚಿತ್ರಮಂದಿರದ ಗಂಟೆಗೆ ಹೊಂದಿಕೊಂಡಿತ್ತು.

ಕಣ್ಣಿಗೆ ಕಾಣದ ಕಸುಬುಗಳು ಇನ್ನೂ ಹಲವು. ಗಾಂಧಿನಗರದ ಕಟ್ಟಡಗಳಲ್ಲಿ ಚಿತ್ರ ವಿತರಕರ ಕಚೇರಿಗಳಿದ್ದವು. ಭಿತ್ತಿಪತ್ರ ಮುದ್ರಿಸುವವರು, ರಾತ್ರಿಯ ವೇಳೆ ಅವನ್ನು ಗೋಡೆಗಳಿಗೆ ಅಂಟಿಸುವವರು, ಕಟೌಟ್ ಬರೆಯುವ ಕಲಾವಿದರು, ಅವುಗಳಿಗೆ ಸಾರವೆ ಕಟ್ಟುವವರು, ಹೂವಿನ ಹಾರ ಒದಗಿಸುವವರು ಹೀಗೆ ಒಂದು ಚಿತ್ರದ ಬಿಡುಗಡೆ ಹತ್ತಾರು ಕುಟುಂಬಗಳ ಒಲೆ ಹೊತ್ತಿಸುತ್ತಿತ್ತು. ಒಳಗೆ, ಪ್ರೊಜೆಕ್ಟರ್ ಕೋಣೆಯ ಬಿಸಿಯಲ್ಲಿ, ರೀಲು ಬದಲಾಯಿಸುವ ಕ್ಷಣ ತಪ್ಪದಂತೆ ಪರದೆಯತ್ತಲೇ ಕಣ್ಣಿಟ್ಟ ಆಪರೇಟರನ ನೈಪುಣ್ಯಕ್ಕೆ ಯಾವ ಶಾಲೆಯ ಪ್ರಮಾಣಪತ್ರವೂ ಇರಲಿಲ್ಲ.

ಚಿತ್ರಗಳು ವಾರಗಟ್ಟಲೆ, ತಿಂಗಳುಗಟ್ಟಲೆ ಓಡುತ್ತಿದ್ದ ಕಾಲವದು. 1972ರಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ವರ್ಷಕ್ಕೂ ಮೀರಿ ಪ್ರದರ್ಶನ ಕಂಡಿತು. ನಿಧಾನವಾಗಿ ಬಂದರೂ ನಿರಂತರವಾಗಿ ಬರುವ ಆದಾಯವನ್ನು ನೆಚ್ಚಿಯೇ ಇಂತಹ ದೊಡ್ಡ ಮಂದಿರಗಳು ಕಟ್ಟಲ್ಪಟ್ಟಿದ್ದವು.

ಲೆಕ್ಕ ತಪ್ಪಿದ್ದೆಲ್ಲಿ?

ಮೊದಲು ದೂರದರ್ಶನ, ಬಳಿಕ ವಿಡಿಯೋ, ಆಮೇಲೆ ಕೇಬಲ್ ವಾಹಿನಿಗಳು ಪ್ರೇಕ್ಷಕರನ್ನು ಮನೆಯಲ್ಲೇ ಕೂರಿಸಿದವು. 2004ರಲ್ಲಿ ಕೋರಮಂಗಲದ ಫೋರಂ ಮಾಲ್‌ನಲ್ಲಿ 11 ಪರದೆಗಳ ಪಿವಿಆರ್ ಬಂದಾಗ ಸ್ಪರ್ಧೆಯ ಸ್ವರೂಪವೇ ಬದಲಾಯಿತು. ಬಹುಪರದೆಯ ಮಾಲೀಕ ಜನ ಬಾರದ ಚಿತ್ರವನ್ನು ಚಿಕ್ಕ ಸಭಾಂಗಣಕ್ಕೆ ಸರಿಸಿ, ಜನ ಬಯಸುವ ಚಿತ್ರಕ್ಕೆ ಎರಡು ಪರದೆ ಕೊಡಬಲ್ಲ. ಏಕಪರದೆಯವನಿಗೆ ಆ ಅನುಕೂಲವಿಲ್ಲ. 1,465 ಆಸನಗಳ ಮಂದಿರಕ್ಕೆ 300 ಮಂದಿ ಬಂದರೆ ಖಾಲಿ ಉಳಿಯುವುದು 1,165 ಕುರ್ಚಿ. ಆದರೆ ದೀಪ, ಗಾಳಿ, ಸ್ವಚ್ಛತೆ, ಸಿಬ್ಬಂದಿಯ ಸಂಬಳ ಯಾವುದೂ ಅದೇ ಪ್ರಮಾಣದಲ್ಲಿ ಇಳಿಯದು. ಒಮ್ಮೆ ಹೆಮ್ಮೆಯೆನಿಸಿದ ಗಾತ್ರವೇ ಹೊರೆಯಾಗುವುದು ಇಂತಹ ಸಂದರ್ಭದಲ್ಲಿ.

ಇನ್ನೊಂದೆಡೆ ನಗರದ ನಡುವಿನ ನೆಲದ ಬೆಲೆ ಏರುತ್ತಲೇ ಹೋಯಿತು. ದುಡಿಯುವ ಕಟ್ಟಡಕ್ಕಿಂತ ಅದರ ಕೆಳಗಿನ ನಿವೇಶನವೇ ಹೆಚ್ಚು ಬೆಲೆಬಾಳತೊಡಗಿದಾಗ ಯಾವ ಮಾಲೀಕನೂ ಮರುಲೆಕ್ಕ ಹಾಕದಿರಲಾರ. ಅವನನ್ನು ದೂಷಿಸುವುದು ಸುಲಭ. ಅವನ ನಷ್ಟವನ್ನು ಹಂಚಿಕೊಳ್ಳಲು ಮುಂದೆ ಬಂದವರು ಯಾರೂ ಇರಲಿಲ್ಲವೆಂಬುದನ್ನೂ ನೆನಪಿಡಬೇಕು. 2017ರಲ್ಲಿ ಕಪಾಲಿ ತನ್ನ ಪ್ರದರ್ಶನಗಳನ್ನು ನಿಲ್ಲಿಸಿತು. ಅನಂತರ ಕಟ್ಟಡ ನೆಲಸಮವಾಗಿ, ಆ ನಿವೇಶನದಲ್ಲಿ ವಾಣಿಜ್ಯ ಸಂಕೀರ್ಣ ತಲೆಯೆತ್ತಿತು.

ಉಳಿಯಬೇಕಾದದ್ದು

ಹೊಸ ಸಂಕೀರ್ಣಗಳೂ ಉದ್ಯೋಗ ನೀಡುತ್ತವೆ, ತೆರಿಗೆ ಕಟ್ಟುತ್ತವೆ. ಆದರೆ ಅಲ್ಲಿ ವಾಹನ ನಿಲುಗಡೆ ನೆಲಮಾಳಿಗೆಯೊಳಗಿದೆ, ತಿಂಡಿ ಮಳಿಗೆಗಳು ಮೇಲಿನ ಅಂತಸ್ತಿನಲ್ಲಿವೆ. ರಸ್ತೆಯ ಬದಿಯಲ್ಲಿ ಬುಟ್ಟಿಯಿಟ್ಟು ಬದುಕಿದವನಿಗೆ ಆ ಬಾಡಿಗೆಯನ್ನು ತೆರುವ ಶಕ್ತಿಯಿಲ್ಲ. ದೊಡ್ಡ ವ್ಯವಹಾರವೊಂದು ರೂಪ ಬದಲಿಸುವಾಗ ಅದರ ಆಶ್ರಯದಲ್ಲಿದ್ದ ಸಣ್ಣ ಕಸುಬುಗಳ ಲೆಕ್ಕ ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಒಂದೇ ಗಿರಾಕಿಯನ್ನು, ಒಂದೇ ಕಾರ್ಖಾನೆಯನ್ನು ನೆಚ್ಚಿಕೊಂಡಿರುವ ಸಣ್ಣ ಉದ್ದಿಮೆದಾರರು ಇದನ್ನು ತಮ್ಮ ಸ್ಥಿತಿಯೊಡನೆ ಹೋಲಿಸಿ ನೋಡುವುದು ಒಳಿತು.

ಹಳೆಯ ಚಿತ್ರಮಂದಿರಗಳ ಟಿಕೆಟ್ ಪುಸ್ತಕ, ಪ್ರದರ್ಶನದ ದಾಖಲೆ, ಛಾಯಾಚಿತ್ರಗಳು ರದ್ದಿಯ ತಕ್ಕಡಿ ಸೇರುವ ಮುನ್ನ ಅವನ್ನು ಕಾದಿರಿಸುವುದು ವರ್ತಕ ಸಮುದಾಯಕ್ಕೆ ಅಸಾಧ್ಯವಾದ ಕಾರ್ಯವೇನಲ್ಲ. ಕಟ್ಟಡವನ್ನು ಉಳಿಸಿಕೊಳ್ಳಲಾಗಲಿಲ್ಲ. ಅದು ಹೇಗೆ ನಡೆಯಿತು, ಯಾರಿಗೆಲ್ಲ ಅನ್ನ ಕೊಟ್ಟಿತು ಎಂಬ ಮಾಹಿತಿಯನ್ನು, ಬಲ್ಲವರು ಇರುವಾಗಲೇ ಬರೆದಿಡಬೇಕಾಗಿದೆ.