ಎಣ್ಣೆ ಕಂಡಲ್ಲೇ ಲೀಕಿಲ್ಲ

ಟ್ರಾಕ್ಟರ್ ಟ್ರೇಲರನ್ನು ಎತ್ತಿ ಮಣ್ಣು ಸುರಿಯುವ ಹೈಡ್ರಾಲಿಕ್ ಜಾಕು ಕೆಡುವುದೆಂದರೆ ಬಹುಪಾಲು ಎಣ್ಣೆ ಸೋರುವುದೆಂದೇ ಲೆಕ್ಕ. ಜಾಕಿನ ರಚನೆ ಸರಳ: ಉಕ್ಕಿನ ಕೊಳವೆ, ಒಂದರೊಳಗೊಂದು ಜಾರುವ ಕ್ರೋಮ್ ಲೇಪದ ರಾಡುಗಳು, ನಡುವೆ ರಬ್ಬರ್ ಸೀಲು. ಟ್ರಾಕ್ಟರಿನ ಪಂಪು ಇದರೊಳಗೆ ಚದರ ಸೆಂಟಿಮೀಟರಿಗೆ 150 ಕಿಲೋ ಮೀರುವ ಒತ್ತಡದಲ್ಲಿ ಎಣ್ಣೆ ನೂಕುತ್ತದೆ. ಕಾರಿನ ಟೈರಿನಲ್ಲಿರುವುದು ಹೆಚ್ಚೆಂದರೆ ಎರಡು ಎರಡೂವರೆ ಕಿಲೋ.

ಕರ್ನಾಟಕ-ಆಂಧ್ರ ಗಡಿಯ ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ಜಾಕಿನ ಶತ್ರು ಧೂಳು. ಮಳೆ ಕಡಿಮೆ, ಬಿಸಿಲು ಜಾಸ್ತಿ, ಶೇಂಗಾ ಹೊಲದ ಮಣ್ಣು ಸಡಿಲ. ರಾಯದುರ್ಗದ ಆಚೆ ಓಬಳಾಪುರದ ಕಡೆ ಹೋದರೆ ಅದಿರಿನ ಕೆಂಪು ಪುಡಿ ಬೇರೆ. ಮೇಲೆದ್ದ ರಾಡಿಗೆ ಅಂಟಿದ ಈ ಪುಡಿ ರಾಡು ಇಳಿಯುವಾಗ ಸೀಲಿನ ತುಟಿಗೆ ಸಿಕ್ಕಿ ಉಪ್ಪುಕಾಗದದ ಕೆಲಸ ಮಾಡುತ್ತದೆ. ಬಿಸಿಲಿಗೆ ರಬ್ಬರು ಗಡುಸಾಗುವುದು ಇದರ ಮೇಲಿನ ಮಾತು.

ಲೀಕು ಹುಡುಕುವುದೇ ಜಾಕು ರಿಪೇರಿಯ ಕಸುಬಿನ ಜಾಣತನ. ಎಣ್ಣೆ ತೊಟ್ಟಿಕ್ಕುವ ಜಾಗದಲ್ಲಿ ಸೋರಿಕೆ ಇರುವುದು ಅಪರೂಪ. ಅದು ಮೇಲೆಲ್ಲೋ ಹೊರಟು, ಪೈಪು ಹಿಡಿದು ಹರಿದು, ತಗ್ಗಿನಲ್ಲಿ ಹನಿಯುತ್ತದೆ. ಆದ್ದರಿಂದ ಮೊದಲು ಡೀಸೆಲ್ಲಿನಲ್ಲಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಸೀಮೆಸುಣ್ಣದ ಪುಡಿಯನ್ನೋ ಮುಖಕ್ಕೆ ಹಚ್ಚುವ ಪೌಡರನ್ನೋ ಉದುರಿಸಬೇಕು. ಜಾಕನ್ನು ನಾಲ್ಕಾರು ಸಲ ಏರಿಸಿ ಇಳಿಸಿದರೆ ಬಿಳಿಯ ಮೇಲೆ ಮೊದಲ ಕಲೆ ಮೂಡುತ್ತದೆ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದೇ ಅಪರಾಧಿ. ಹೋಸ್ ಪೈಪನ್ನು ಮಾತ್ರ ಕೈಯಿಂದ ತಡವಕೂಡದು. ಸೂಜಿಮೊನೆಯ ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಹೊಗುತ್ತದೆ. ಗಾಯ ಮುಳ್ಳು ಚುಚ್ಚಿದಷ್ಟೇ ಕಂಡರೂ ತಡಮಾಡಿದರೆ ಬೆರಳೇ ಹೋಗಬಹುದು. ಕೋಲಿಗೆ ಕಟ್ಟಿದ ರಟ್ಟು ಹಿಡಿದು ನೋಡುವುದೇ ಕ್ಷೇಮ.

ಎತ್ತಿ ನಿಲ್ಲಿಸಿದ ಟ್ರೇಲರು ತಾನಾಗಿ ಇಳಿಯುತ್ತಿದ್ದು, ಹೊರಗೆ ಒಂದು ಹನಿಯೂ ಕಾಣದಿದ್ದರೆ? ಒಂದೇ ಕಡೆಯಿಂದ ಎಣ್ಣೆ ತುಂಬುವ ಟ್ರೇಲರ್ ಜಾಕಿನಲ್ಲಿ ಎಣ್ಣೆ ಒಳಗೊಳಗೇ ಸೋರಿ ಹೋಗಲು ಎಡೆಯಿಲ್ಲ. ಆಗ ಜಾಕು ಬಿಚ್ಚುವುದು ದಂಡ, ಟ್ರಾಕ್ಟರಿನ ವಾಲ್ವು ನೋಡಬೇಕು. ಜೆಸಿಬಿಯ ಸಿಲಿಂಡರಿನ ಮಾತು ಬೇರೆ. ಅದಕ್ಕೆ ಎರಡೂ ಕಡೆಯಿಂದ ಎಣ್ಣೆ ಬರುವುದರಿಂದ ಪಿಸ್ಟನ್ ಸೀಲು ಹೋದರೆ ಒಳಗೇ ದಾಟುತ್ತದೆ.

ರಾಡು ಹೊರತೆಗೆದ ಮೇಲೆ ಅದರ ಮೇಲೆ ಉಗುರು ಓಡಿಸುತ್ತಾರೆ. ಉಗುರಿಗೆ ತಡೆಯುವ ಗೀರಿದ್ದರೆ ಎಷ್ಟು ಹೊಸ ಸೀಲು ಹಾಕಿದರೂ ಅದು ಬಾಳುವುದಿಲ್ಲ. ಸಣ್ಣ ಗೀರಾದರೆ ಎಣ್ಣೆಗಲ್ಲಿನಲ್ಲಿ ಉಜ್ಜಬಹುದು. ಆಳವಾದರೆ ಮತ್ತೆ ಕ್ರೋಮ್ ಮಾಡಿಸಬೇಕು, ಇಲ್ಲವೇ ರಾಡೇ ಹೊಸದು. ಸೀಲನ್ನು ಎಣ್ಣೆಯಲ್ಲಿ ಅದ್ದಿ, ತುಟಿ ಒತ್ತಡದ ಕಡೆಗಿರುವಂತೆ ಕೂರಿಸಬೇಕು. ತಿರುವಿ ಹಾಕಿದ ಸೀಲು ಮೊದಲ ಲೋಡಿಗೇ ಸೋರುತ್ತದೆ.

ಸೋರಿಕೆಯ ಈ ತಲೆನೋವು ಹೈಡ್ರಾಲಿಕ್ಸಿನಷ್ಟೇ ಹಳೆಯದು. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಪೇಟೆಂಟ್ ಪಡೆದ ಹೈಡ್ರಾಲಿಕ್ ಪ್ರೆಸ್ಸನ್ನೂ ಅದು ಕಾಡಿತ್ತು. ಒತ್ತಡ ಹೆಚ್ಚಿದಷ್ಟೂ ತಾನೇ ಬಿಗಿಯಾಗುವ ತೊಗಲಿನ ಬಟ್ಟಲು ಹಾಕಿ ಅದನ್ನು ಪರಿಹರಿಸಿದ ಕೀರ್ತಿ ಹೆನ್ರಿ ಮಾಡ್‌ಸ್ಲೆಗೆ ಸಲ್ಲುತ್ತದೆ. ಇಂದಿನ ಸೀಲಿನ ತುಟಿಯೂ ಅದೇ ಉಪಾಯದ್ದು. ಇಂದು ಮಣ್ಣು ತೋಡುವುದಕ್ಕೆ ಹೆಸರಾದ ಜೆಸಿಬಿ ಕಂಪನಿ 1945ರಲ್ಲಿ ಶುರುವಾದದ್ದೂ ಟಿಪ್ಪಿಂಗ್ ಟ್ರೇಲರಿನಿಂದಲೇ. ಹೈಡ್ರಾಲಿಕ್ ಟ್ರೇಲರು 1948ರಲ್ಲಿ ಬಂತು.

ಗುಂಡಿ ಒತ್ತಿದರೆ ಚಾವಣಿ ಮಡಚಿಕೊಳ್ಳುವ ಐಷಾರಾಮಿ ಕಾರುಗಳಲ್ಲೂ ಬೆರಳು ಗಾತ್ರದ ಇಂಥವೇ ಸಿಲಿಂಡರುಗಳಿರುತ್ತವೆ. ಅಲ್ಲಿ ಎಣ್ಣೆ ಹನಿಯುವುದು ಕೆಲವೊಮ್ಮೆ ಓಡಿಸುವವರ ತಲೆಯ ಮೇಲೆ. ಹುಡುಕಲು ಸೀಮೆಸುಣ್ಣದ ಬದಲು ನೇರಳಾತೀತ ಬೆಳಕಿಗೆ ಹೊಳೆಯುವ ಬಣ್ಣ ಬೆರೆಸುತ್ತಾರೆ. ಎಣ್ಣೆಯ ವಿಷಯದಲ್ಲಿ ಎರಡೂ ಕಡೆ ಒಂದೇ ಕಟ್ಟಳೆ: ಹೇಳಿದ ಎಣ್ಣೆಯನ್ನೇ ಹಾಕಬೇಕು. ಮಾಮೂಲಿ ನೈಟ್ರೈಲ್ ರಬ್ಬರಿನ ಸೀಲಿಗೆ ಬ್ರೇಕ್ ಆಯಿಲ್ ತಾಕಿದರೆ ಅದು ಊದಿ ಹಾಳಾಗುತ್ತದೆ.

ಜಾಕನ್ನು ಮತ್ತೆ ಜೋಡಿಸಿದ ಮೇಲೆ ಖಾಲಿ ಟ್ರೇಲರನ್ನು ನಿಧಾನವಾಗಿ ಏರಿಸಿ ಇಳಿಸಿ ಗಾಳಿ ಕಳೆಯಬೇಕು. ಟ್ರೇಲರಿನ ಅಡಿಗೆ ಹೋಗುವ ಮುನ್ನ ಗಟ್ಟಿ ಊರುಗೋಲು ಕೊಡಲೇಬೇಕು. ಎತ್ತಿದ ಟ್ರೇಲರನ್ನು ಬರೀ ಎಣ್ಣೆಯ ಮೇಲೆ ನಂಬುವಂತಿಲ್ಲ. ಇಷ್ಟೂ ಕೆಲಸಕ್ಕೆ ಅರ್ಧ ದಿನವಾದರೂ ಬೇಕು. ಹಳೆಯದನ್ನು ಎಸೆದು ಹೊಸ ಜಾಕು ಕೂರಿಸುವುದು ಅದಕ್ಕಿಂತ ಬೇಗ. ಆದರೆ ಧೂಳು ಅದೇ. ಇಳಿಸುವ ಮೊದಲು ರಾಡಿಗೆ ಒಮ್ಮೆ ಬಟ್ಟೆಯಾಡಿಸುವ ಅಭ್ಯಾಸವಿಲ್ಲದಿದ್ದರೆ ಹೊಸ ಜಾಕೂ ರಿಪೇರಿಗೆ ಲೇತ್ ಅಂಗಡಿಯ ದಾರಿ ಹಿಡಿಯುತ್ತದೆ, ಆ ಹೊತ್ತಿಗೆ ಅಂಗಡಿ ಉಳಿದಿದ್ದರೆ.